ಗಡಿಯ ಊರಲ್ಲಿ ಕೂತು ಬರೆಯುವವರಿಗೆ

ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರದ ಕನ್ನಡ ಮನೆಗಳಲ್ಲಿ ಹುಟ್ಟಿ ಬೆಳೆದು, ಬರೆಯಬೇಕೆಂಬ ಆಸೆ ಹೊತ್ತ ಹುಡುಗ ಹುಡುಗಿಯರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಆಡುವುದು ಕನ್ನಡ, ಸಾಲಿಯಲ್ಲಿ ಕಲಿತದ್ದು ಮರಾಠಿ, ಬಜಾರದಲ್ಲಿ ಮರಾಠಿಯ ಜೊತೆಗೆ ದಖನಿ. ಇಂಥ ಕಡೆ ಇದ್ದುಕೊಂಡು ಲೇಖಕರಾಗಲು ಆದೀತೆ? ಆಗುವುದಾದರೆ ಯಾವ ಭಾಷೆಯಲ್ಲಿ? ಊರು ಬಿಟ್ಟು ಧಾರವಾಡಕ್ಕೋ ಬೆಂಗಳೂರಿಗೋ ಪುಣೆಗೋ ಹೋಗಲೇಬೇಕೆ?

ಬೆನ್ನು ತಟ್ಟಿ, ಎರಡು ಒಳ್ಳೆಯ ಮಾತು ಹೇಳಿ ಕಳಿಸುವುದು ಸುಲಭ. ಮನೆ ಮುಟ್ಟುವಷ್ಟರಲ್ಲಿ ಆ ಮಾತು ಆರಿಹೋಗಿರುತ್ತದೆ. ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಡಬೇಕು. ನನ್ನ ಮಾತು ಇಷ್ಟು: ಈ ಮೂರು ತಾಲೂಕುಗಳ ಎಳೆಯ ಬರಹಗಾರರು ಯಾವುದನ್ನು ತಮ್ಮ ಕೊರತೆ ಎಂದುಕೊಂಡಿದ್ದಾರೋ ಆ ಎರಡು ಭಾಷೆಯ ಬದುಕೇ ಅವರ ದೊಡ್ಡ ಬಂಡವಾಳ. ಆದರೆ ಬಂಡವಾಳ ಇದ್ದ ಮಾತ್ರಕ್ಕೆ ವ್ಯಾಪಾರ ನಡೆಯುವುದಿಲ್ಲ. ಓದಿನ ಶಿಸ್ತು, ಓದುಗರ ಬಳಗ, ದುಡ್ಡು-ಹಕ್ಕಿನ ತಿಳುವಳಿಕೆ ಮೂರೂ ಕೂಡಿದರೆ ಮಾತ್ರ ಬರವಣಿಗೆ ಒಂದು ಬಾಳುವೆಯಾಗುತ್ತದೆ.

ಮೊದಲು ನೆಲದ ಮಾತು. 1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಉಮರಗಾ ಉಸ್ಮಾನಾಬಾದ ಜಿಲ್ಲೆಯಲ್ಲೇ ಉಳಿದು ಅದೇ ದಾರಿ ಹಿಡಿಯಿತು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿದವು. ಅದಕ್ಕೂ ಹಿಂದೆ, ನಿಜಾಮರ ಕಾಲದಲ್ಲಿ, ಕಚೇರಿಯ ಭಾಷೆ ಉರ್ದು. ಹೀಗಾಗಿ ಇಲ್ಲಿನ ಒಂದೇ ಮನೆಯಲ್ಲಿ ಅಜ್ಜ ಉರ್ದು ಕಲಿತವರು, ಅಪ್ಪ ಮರಾಠಿ ಕಲಿತವರು, ಮೊಮ್ಮಕ್ಕಳು ಇಂಗ್ಲಿಷಿನ ಹಾದಿ ಹಿಡಿದವರು. ಸರಕಾರಗಳು ಬದಲಾದಂತೆ ಸಾಲಿಯ ಭಾಷೆ ಬದಲಾಯಿತು, ಅಡುಗೆಮನೆಯ ಕನ್ನಡ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಉಳಿದುಕೊಂಡು ಬಂತು.

ಆ ಕನ್ನಡಕ್ಕೆ ಇಲ್ಲಿ ಹಳೆಯ ಬೇರು ಇದೆ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲಟ್ಟಲೂರು ಇಂದಿನ ಲಾತೂರವೇ ಎಂಬುದು ಹಲವು ವಿದ್ವಾಂಸರ ಮತ. ಅದೇ ಮನೆತನದ ನೃಪತುಂಗನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿತು. ಶರಣರ ಕಲ್ಯಾಣ, ಇಂದಿನ ಬಸವಕಲ್ಯಾಣ, ಉಮರಗಾಕ್ಕೆ ಪಕ್ಕದ ಊರಿದ್ದಂತೆ. ಇದನ್ನೆಲ್ಲ ನೆನೆಯುವುದು ಗಡಿಯ ತಂಟೆ ಕೆದಕಲಿಕ್ಕಲ್ಲ. ಹಳೆಯ ವೈಭವ ಯಾರ ಕೈಗೂ ಲೇಖನಿ ಕೊಡುವುದಿಲ್ಲ. ಆದರೆ ‘ನಾವು ಕನ್ನಡದ ಹೊರಗಿನವರು, ನಮ್ಮದು ಕಲಬೆರಕೆ ಮಾತು’ ಎಂಬ ಅಳುಕು ಇಟ್ಟುಕೊಂಡು ಬರೆಯಲು ಕೂತರೆ ಮೊದಲ ವಾಕ್ಯವೇ ಹೆದರಿಕೊಂಡು ಹುಟ್ಟುತ್ತದೆ. ಆ ಅಳುಕಿಗೆ ಆಧಾರವಿಲ್ಲ.

ಸಾಲಿಯಲ್ಲಿ ಕನ್ನಡ ಕಲಿಯದವರು ಕನ್ನಡದ ಲೇಖಕರಾಗಬಲ್ಲರೆ ಎಂದು ಕೇಳುವವರು ಜಯದೇವಿತಾಯಿ ಲಿಗಾಡೆಯವರ ಬದುಕನ್ನು ನೋಡಬೇಕು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರಿಗೆ ಸಾಲಿಯಲ್ಲಿ ದಕ್ಕಿದ್ದು ಮರಾಠಿ. ಎಳೆವಯಸ್ಸಿಗೇ ಮದುವೆ, ದೊಡ್ಡ ಮನೆತನದ ಸಂಸಾರ. ಕನ್ನಡದ ಓದು-ಬರಹವನ್ನು ಅವರು ಸ್ವಂತ ಹಟದಿಂದ ಕಲಿತರು. ಮುಂದೆ ಶ್ರೀ ಸಿದ್ಧರಾಮೇಶ್ವರ ಪುರಾಣವನ್ನು ನಾಲ್ಕು ಸಾವಿರಕ್ಕೂ ಮಿಕ್ಕ ತ್ರಿಪದಿಗಳಲ್ಲಿ ಬರೆದರು. ಮರಾಠಿಯನ್ನೂ ಬಿಡಲಿಲ್ಲ. ಶರಣರ ವಿಚಾರವನ್ನು ಮರಾಠಿ ಓದುಗರಿಗೆ ಮುಟ್ಟಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಆ ಪೀಠ ಏರಿದ ಮೊದಲ ಮಹಿಳೆ ಅವರಾಗಿದ್ದರು, ವಯಸ್ಸು ಅರವತ್ತು ದಾಟಿತ್ತು.

ಈ ಬದುಕಿನಲ್ಲಿ ಹೊಸಬರು ಗಮನಿಸಬೇಕಾದದ್ದು ಪೀಠ, ಪ್ರಶಸ್ತಿಗಳಲ್ಲ. ಅವರು ಆಯ್ದುಕೊಂಡ ತ್ರಿಪದಿಯನ್ನು ನೋಡಿ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಧಾಟಿ ಅದು. ಲಿಪಿ ಕೈಗೆ ಬರುವ ಮೊದಲೇ ಲಯ ಕಿವಿಯಲ್ಲಿ ಕೂತಿತ್ತು. ನಿಮ್ಮ ಮನೆಯ ಅವ್ವ, ಆಯಿ ಹಾಡಿದ ಬೀಸುವ ಪದ, ಹಂತಿಯ ಪದ, ಮೊಹರಮ್ಮಿನ ರಿವಾಯತ ಪದ ಕೇಳಿ ಬೆಳೆದಿದ್ದರೆ ಸಾಹಿತ್ಯದ ಅರ್ಧ ಪಾಠ ಆಗಲೇ ಆಗಿದೆ. ಉಳಿದರ್ಧಕ್ಕೆ ದುಡಿಯಬೇಕು. ಇನ್ನು ಸಾಲಿಯಲ್ಲಿ ಕಲಿತ ಬೇರೆ ಭಾಷೆ ಅಡ್ಡಿಯೇ ಎನ್ನುವವರಿಗೆ ರಾಯಚೂರು ಸೀಮೆಯ ಶಾಂತರಸರು ಉತ್ತರ. ನಿಜಾಮರ ಕಾಲದ ಉರ್ದುವನ್ನು ಅವರು ಹೊರೆಯೆಂದು ಇಳಿಸಿ ಹೋಗಲಿಲ್ಲ. ಅದರ ಗಜಲನ್ನು ಕನ್ನಡಕ್ಕೆ ತಂದರು. ಇಂದು ಕನ್ನಡದಲ್ಲಿ ಗಜಲ್ ಬರೆಯುವ ನೂರಾರು ಜನ ಆ ದಾರಿಯಲ್ಲಿ ನಡೆದವರು.

ದುಡಿಯಬೇಕಾದ ಅರ್ಧ ಎಲ್ಲಿಂದ ಶುರು? ಲಿಪಿಯಿಂದ. ಅಕ್ಕಲಕೋಟ, ಜತ್ತದ ಕಡೆ ಕನ್ನಡ ಮಾಧ್ಯಮದ ಸಾಲಿಗಳಿವೆ. ನಮ್ಮ ಈ ಮೂರು ತಾಲೂಕುಗಳಲ್ಲಿ ಹೆಚ್ಚಿನ ಮಕ್ಕಳು ಓದುವುದು ಮರಾಠಿಯಲ್ಲಿ. ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂಬವರು ಬಹಳ. ಮರಾಠಿ ಓದಬಲ್ಲವರಿಗೆ ಅಕ್ಷರಮಾಲೆಯ ಕ್ರಮ ಆಗಲೇ ಗೊತ್ತಿರುವುದರಿಂದ ಕನ್ನಡ ಲಿಪಿ ಕೆಲವು ವಾರಗಳ ಕೆಲಸ. ಅಲ್ಲಿಯವರೆಗೆ ಕನ್ನಡದ ಮಾತನ್ನು ಮರಾಠಿಯ ಬಾಳಬೋಧ ಅಕ್ಷರದಲ್ಲೇ ಬರೆದಿಟ್ಟುಕೊಳ್ಳಿ, ನಾಚಿಕೆ ಬೇಡ. ಆದರೆ ಅಲ್ಲೇ ನಿಲ್ಲಬೇಡಿ. ಮರಾಠಿಯ ಬರವಣಿಗೆಯಲ್ಲಿ ಎಕಾರ-ಏಕಾರ, ಒಕಾರ-ಓಕಾರಗಳ ಗಿಡ್ಡ-ಉದ್ದದ ವ್ಯತ್ಯಾಸ ಇಲ್ಲ. ಕನ್ನಡದಲ್ಲಿ ಆ ವ್ಯತ್ಯಾಸದ ಮೇಲೆ ಅರ್ಥ ನಿಂತಿದೆ, ಲಯವೂ ನಿಂತಿದೆ. ಕವಿತೆ ಬರೆಯುವವರಿಗೆ ಕನ್ನಡ ಲಿಪಿ ಇಲ್ಲದೆ ನಡೆಯುವುದಿಲ್ಲ.

ಲಿಪಿ ಬಂದ ಮೇಲೆ ಓದು. ಬರೆಯುವ ಆಸೆ ಇರುವಷ್ಟು ಓದುವ ಹಸಿವು ಇಲ್ಲದಿರುವುದು ಇಂದಿನ ಹೊಸ ಬರಹಗಾರರ ಎಲ್ಲಕ್ಕಿಂತ ದೊಡ್ಡ ದೌರ್ಬಲ್ಯ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಪುಸ್ತಕ ಸಿಗುವುದಿಲ್ಲ ಎಂಬ ಮಾತು ಅರ್ಧ ನಿಜ. ಉದಗೀರದಲ್ಲಿ ರೈಲು ಹತ್ತಿದರೆ ಭಾಲ್ಕಿ, ಬೀದರ ಅದೇ ಹಳಿಯ ಮೇಲಿವೆ. ಉಮರಗಾದವರಿಗೆ ಹೆದ್ದಾರಿಯ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಬಸವಕಲ್ಯಾಣ. ಮಹಾರಾಷ್ಟ್ರದಲ್ಲಿ 1967ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೆಳಗೆ ಊರೂರಿನ ವಾಚನಾಲಯಗಳಿಗೆ ಅನುದಾನ ಸಿಗುತ್ತದೆ. ನಿಮ್ಮೂರಿನ ವಾಚನಾಲಯದ ಸಮಿತಿಯವರಿಗೆ ಹತ್ತು ಜನ ಕೂಡಿ ಅರ್ಜಿ ಕೊಟ್ಟು, ಒಂದು ಕಪಾಟು ಕನ್ನಡ ಪುಸ್ತಕಕ್ಕೆ ಬಿಡಿಸಿಕೊಳ್ಳಿ. ಕೇಳದೆ ಯಾರೂ ಕೊಡುವುದಿಲ್ಲ.

ಇನ್ನು ಯಾವ ಕನ್ನಡದಲ್ಲಿ ಬರೆಯಬೇಕು? ‘ಮಾಡ್ಲತ್ತಾರ’, ‘ಹೋಗ್ಲತ್ತೀನಿ’ ಎನ್ನುವ ನಮ್ಮ ಕಡೆಯ ಮಾತು ಪುಸ್ತಕದಲ್ಲಿ ನಿಲ್ಲುತ್ತದೆಯೆ ಎಂಬ ಸಂಶಯ ಎಲ್ಲರಿಗೂ ಇದೆ. ಈ ಸಂಶಯವನ್ನು ಕನ್ನಡ ಸಾಹಿತ್ಯ ಎಂದೋ ಪರಿಹರಿಸಿದೆ. ಕಲಬುರಗಿಯ ಗೀತಾ ನಾಗಭೂಷಣ ತಮ್ಮ ಸೀಮೆಯ ಕೆಳಜಾತಿಯ, ಬಡವರ ಬಾಯಿಮಾತಿನಲ್ಲೇ ಕಾದಂಬರಿ ಕಟ್ಟಿದರು. ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕಾದಂಬರಿಗಿಂತ ಮೊದಲು ದೇವನೂರ ಮಹಾದೇವರು ದಕ್ಷಿಣದ ತುದಿಯ ನಂಜನಗೂಡು ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದರು. ಉತ್ತರದ ಓದುಗರು ತಡವರಿಸುತ್ತಲೇ ಓದಿದರು, ಮೆಚ್ಚಿದರು. ಓದುಗರಿಗೆ ಆಡುಮಾತು ಹೊಸದಾದರೂ ನಡೆಯುತ್ತದೆ, ಸುಳ್ಳಾದರೆ ನಡೆಯುವುದಿಲ್ಲ. ಕಥೆಯ ನಿರೂಪಣೆಯೆಲ್ಲ ಪಠ್ಯಪುಸ್ತಕದ ಕನ್ನಡದಲ್ಲಿ ಸಾಗಿ, ನಡುವೆ ಒಬ್ಬ ಮುದುಕನ ಬಾಯಲ್ಲಿ ಮಾತ್ರ ಹಳ್ಳಿ ಮಾತು ತುರುಕಿದರೆ ಅದು ವೇಷ. ಯಾರು ಕಥೆ ಹೇಳುತ್ತಿದ್ದಾರೆ, ಅವರ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಒಂದು ಶಬ್ದಕ್ಕೆ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಬರೆದದ್ದನ್ನು ಆ ಮಾತಾಡುವವರ ಮುಂದೆಯೇ ಗಟ್ಟಿಯಾಗಿ ಓದಿ. ಅವರು ನಡುವೆ ತಡೆದು ‘ಹಂಗ ಅನ್ನಂಗಿಲ್ಲ ನೋಡು’ ಅಂದರೆ ಆ ತಿದ್ದುಪಡಿ ಯಾವ ವಿಮರ್ಶಕರ ಮಾತಿಗಿಂತಲೂ ಕಡಿಮೆಯಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆಯಿದೆ. ಮರಾಠಿಯಲ್ಲೇ ಬರೆದರೆ ಆಗದೆ? ಸುತ್ತಲಿನ ಓದುಗರು ಮರಾಠಿಯವರು. 1909ರಲ್ಲಿ ‘ಮನೋರಂಜನ’ ಪತ್ರಿಕೆ ಹಾಕಿಕೊಟ್ಟ ದಿವಾಳಿ ಅಂಕದ ಸಂಪ್ರದಾಯ ಇಂದಿಗೂ ಪ್ರತಿ ವರ್ಷ ಹೊಸಬರಿಗೆ ಬಾಗಿಲು ತೆರೆಯುತ್ತದೆ. 2022ರ ಏಪ್ರಿಲ್‌ನಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲೇ ನಡೆಯಿತು. ಲಾತೂರ ಜಿಲ್ಲೆಯ ಧನೆಗಾಂವದಲ್ಲಿ ಹುಟ್ಟಿದ ಲಕ್ಷ್ಮಣ ಗಾಯಕವಾಡರು, ಕಳ್ಳರೆಂಬ ಹಣೆಪಟ್ಟಿ ಹೊತ್ತ ತಮ್ಮ ಸಮುದಾಯದ ಬದುಕನ್ನು ‘ಉಚಲ್ಯಾ’ ಎಂಬ ಆತ್ಮಕಥೆಯಲ್ಲಿ ಮರಾಠಿಯಲ್ಲಿ ಹೇಳಿದರು. 1988ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕ್ಕಲಕೋಟ ತಾಲೂಕಿನ ಹನ್ನೂರಿನ ಶರಣಕುಮಾರ ಲಿಂಬಾಳೆ ‘ಅಕ್ಕರಮಾಶಿ’ ಬರೆದದ್ದೂ ಮರಾಠಿಯಲ್ಲೇ. ಮರಾಠವಾಡದ ಎಷ್ಟೋ ಲಿಂಗಾಯತ ಮನೆಗಳಲ್ಲಿ ಮನ್ಮಥಸ್ವಾಮಿಗಳ ಮರಾಠಿ ‘ಪರಮರಹಸ್ಯ’ದ ಪಾರಾಯಣ ನಡೆಯುತ್ತದೆ. ಮರಾಠಿ ನಮಗೆ ಪರರ ಮನೆಯಲ್ಲ.

ಆದ್ದರಿಂದ ಮರಾಠಿ ಬೇಡ ಎನ್ನುವ ಮಾತನ್ನು ನಾನು ಎಂದೂ ಹೇಳಲಾರೆ. ವಸ್ತು ಯಾವ ಭಾಷೆಯಲ್ಲಿ ಮನಸ್ಸಿಗೆ ಬಂತೋ ಆ ಭಾಷೆಯಲ್ಲೇ ಬರೆಯಿರಿ. ಶಿಕ್ಷಕರ ಜೊತೆಯ ಜಗಳ ಮರಾಠಿಯಲ್ಲಿ ನೆನಪಾದೀತು, ಅವ್ವನ ಸಾವು ಕನ್ನಡದಲ್ಲಿ ನೆನಪಾದೀತು. ಆದರೆ ನಾಚಿಕೆಯಿಂದ ಕನ್ನಡ ಬಿಡುವುದು ಬೇರೆ. ಎಲ್ಲರೂ ಹಾಗೆ ಬಿಟ್ಟರೆ ಈ ಸೀಮೆಯ ಕನ್ನಡದಲ್ಲಿ ಮಾತ್ರ ಬದುಕಿರುವ ಬೈಗುಳ, ಬಾಂಧವ್ಯ, ಹೊಲದ ಹೆಸರು, ಮಳೆಯ ಲೆಕ್ಕ ಎಲ್ಲವೂ ಬರವಣಿಗೆಗೆ ಬಾರದೆ ಹೋಗುತ್ತವೆ. ಮರಾಠಿಗೆ ಬರೆಯುವವರು ಸಾವಿರ ಜನ ಇದ್ದಾರೆ. ನಿಲಂಗಾದ ಕನ್ನಡಕ್ಕೆ ನಿಲಂಗಾದವರು ಬಿಟ್ಟರೆ ಯಾರೂ ಇಲ್ಲ.

ಎರಡು ಭಾಷೆ ಬಲ್ಲವರ ಕೈಯಲ್ಲಿ ಇನ್ನೊಂದು ಕಸುಬಿದೆ, ಅನುವಾದ. ಹೊಸ ಬರಹಗಾರರು ಇದನ್ನು ಎರಡನೇ ದರ್ಜೆಯ ಕೆಲಸವೆಂದು ದೂರ ಇಡುತ್ತಾರೆ. ಕನ್ನಡದ ಇತಿಹಾಸ ಬೇರೆಯೇ ಹೇಳುತ್ತದೆ. ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿ, ಉತ್ತರ ಕರ್ನಾಟಕದಲ್ಲಿ ಕಾದಂಬರಿ ಓದುವ ಒಂದು ತಲೆಮಾರನ್ನೇ ಬೆಳೆಸಿದರು. ಪುಣೆಯ ಉಮಾ ಕುಲಕರ್ಣಿಯವರ ಕೆಲಸದ ರೀತಿ ನಮ್ಮ ಗಡಿಯವರಿಗೆ ಹೇಳಿ ಮಾಡಿಸಿದಂತಿದೆ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕೃತಿಯನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು, ಉಮಾ ಅದನ್ನು ಕೇಳುತ್ತ ಮರಾಠಿಯಲ್ಲಿ ಬರೆಯುತ್ತಿದ್ದರು. ಭೈರಪ್ಪನವರ ಕಾದಂಬರಿಗಳು ಮರಾಠಿಯಲ್ಲಿ ಮನೆಮಾತಾದದ್ದು ಹೀಗೆ. ಓದುವವರೊಬ್ಬರು, ಬರೆಯುವವರೊಬ್ಬರು ಕೂಡಿದರೂ ಸಾಹಿತ್ಯದ ಕೆಲಸ ನಡೆಯುತ್ತದೆ.

2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹಣವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮವಾಗಿ ಹಂಚಿದರು. ಮನೆಮಾತು ಉರ್ದುವಾಗಿದ್ದು ಕನ್ನಡದಲ್ಲಿ ಬರೆದ ಬಾನು ಅವರ ಆ ಕಥೆಗಳು 1990ರಿಂದ ಮೂರು ದಶಕಗಳ ಅವಧಿಯಲ್ಲಿ ಬರೆದಂಥವು. ಅಷ್ಟು ಕಾಲ ಅವರು ಯಾವ ದೊಡ್ಡ ಬಹುಮಾನದ ಖಾತ್ರಿಯೂ ಇಲ್ಲದೆ ಬರೆದರು. ಅನುವಾದಕ್ಕೆ ಕೈ ಹಾಕುವವರಿಗೆ ಒಂದೇ ಸೂಚನೆ: ಒಂದು ಸಣ್ಣ ಕಥೆಯಿಂದ ತೊಡಗಿ, ಮೂಲ ಲೇಖಕರ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಪತ್ರಿಕೆಗೆ ಕಳಿಸಿ. ಬೇರೆಯವರ ವಾಕ್ಯವನ್ನು ನಮ್ಮ ಭಾಷೆಯಲ್ಲಿ ನಿಲ್ಲಿಸಲು ಪಡುವ ಕಷ್ಟ, ನಮ್ಮ ಸ್ವಂತ ವಾಕ್ಯ ಕಟ್ಟುವುದನ್ನೂ ಕಲಿಸುತ್ತದೆ.

ಬರೆಯಲು ವಸ್ತು ಎಲ್ಲಿದೆ ಎಂದು ಕೇಳುವವರ ಕಾಲ ಕೆಳಗಿನ ನೆಲವೇ ಒಮ್ಮೆ ಬಾಯಿಬಿಟ್ಟಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಹಿಂದಿನ ದಿನ ಗಣಪತಿ ಕಳಿಸಿ ಬಂದು ಮಲಗಿದ್ದ ಊರುಗಳು ಲಾತೂರ ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ನೆಲಸಮವಾದವು. ಕಲ್ಲು-ಮಣ್ಣಿನ ದಪ್ಪ ಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಆಸುಪಾಸು. ಎಷ್ಟೋ ಊರುಗಳನ್ನು ಬೇರೆ ಜಾಗದಲ್ಲಿ, ಸಾಲು ಮನೆಗಳಾಗಿ ಹೊಸದಾಗಿ ಕಟ್ಟಲಾಯಿತು. ಓಣಿ ಹೋಗಿ ಲೇನು ಬಂದಾಗ ನೆರೆಹೊರೆಯ ಸಂಬಂಧಕ್ಕೆ ಏನಾಯಿತು? ಹಳೆಯ ಗಾವಠಾಣದ ದೇವರು ಎಲ್ಲಿಗೆ ಹೋದರು? ಇದಕ್ಕೂ ಹಿಂದೆ 1948ರ ರಜಾಕಾರರ ಹಾವಳಿ, ಬಸವಕಲ್ಯಾಣದ ಹತ್ತಿರದ ಗೋರಟಾದ ಹತ್ಯಾಕಾಂಡ, ಸಿಂದಗಿಯಲ್ಲಿ ಹುಟ್ಟಿ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ಇಡೀ ಹೈದರಾಬಾದ ವಿಮೋಚನೆಯ ಮುಂದಾಳಾದ ಸ್ವಾಮಿ ರಾಮಾನಂದ ತೀರ್ಥರು. ಇತ್ತೀಚೆಗೆ ಬಂದರೆ, 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಲಾತೂರಿಗೆ ಬಂದ ಕುಡಿಯುವ ನೀರು. ತೊಗರಿ, ಸೋಯಾಬೀನಿನ ದರ ಬಿದ್ದ ದಿನ ಅಡತಿ ಅಂಗಡಿಯ ಮುಂದೆ ನಿಂತ ರೈತನ ಮುಖ. ಡಾಕ್ಟರಾಗಬೇಕೆಂದು ಲಾತೂರಿನ ಕೋಚಿಂಗಿಗೆ ಹೋದ ಮಗಳು, ಅದಕ್ಕಾಗಿ ಮಾರಿದ ಹೊಲ. ಇವನ್ನು ಬೆಂಗಳೂರಿನ ಲೇಖಕರು ಬಂದು ಬರೆಯಲಾರರು, ಬರೆದರೂ ಅದು ನೋಡಿಹೋದವರ ಬರಹವಾದೀತು.

ಈಗ ದುಡ್ಡಿನ ಮಾತು. ಮುಚ್ಚುಮರೆ ಇಲ್ಲದೆ ಹೇಳಬೇಕು. ಕನ್ನಡದಲ್ಲಿ ಹೊಸ ಲೇಖಕರ ಪುಸ್ತಕ ಸಾಮಾನ್ಯವಾಗಿ ಐದುನೂರರಿಂದ ಸಾವಿರ ಪ್ರತಿ ಅಚ್ಚಾಗುತ್ತದೆ. ಗೌರವಧನ ಮುಖಬೆಲೆಯ ಶೇಕಡ 10 ಎಂದು ಹಿಡಿದರೆ, 150 ರೂಪಾಯಿಯ ಪುಸ್ತಕದ 500 ಪ್ರತಿ ಪೂರ್ತಿ ಮಾರಾಟವಾದರೂ ಲೇಖಕರ ಪಾಲು 7,500 ರೂಪಾಯಿ. ಕರ್ನಾಟಕ ಸರಕಾರದ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಇದೆ. ಅದನ್ನೇ ನಂಬಿ ಸಾಲ ಮಾಡಿ ಪುಸ್ತಕ ಅಚ್ಚು ಹಾಕಿಸಬಾರದು. ಇಷ್ಟರಲ್ಲಿ ಸಂಸಾರ ನಡೆಯುವುದಿಲ್ಲ. ಅ.ನ. ಕೃಷ್ಣರಾಯರಂತೆ ಬರವಣಿಗೆಯನ್ನೇ ನಂಬಿ ಬದುಕಿದವರು ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಮಾಸ್ತಿ ಸರಕಾರಿ ಅಧಿಕಾರಿ. ಬೇಂದ್ರೆ 1944ರಿಂದ 1956ರವರೆಗೆ ನಮ್ಮ ಪಕ್ಕದ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು. ಜಯಂತ ಕಾಯ್ಕಿಣಿ ಮುಂಬಯಿಯ ಔಷಧ ಕಂಪನಿಯಲ್ಲಿ ರಸಾಯನ ತಜ್ಞರಾಗಿದ್ದು ಕಥೆ ಬರೆದರು. ಮಾಸ್ತರಿಕೆಯೋ ಮೆಡಿಕಲ್ ಅಂಗಡಿಯೋ ಒಕ್ಕಲುತನವೋ, ಹೊಟ್ಟೆಗೆ ಒಂದು ದಾರಿ ಇರಲಿ. ಹೊಟ್ಟೆಯ ಭಾರವನ್ನು ಕವಿತೆಯ ಮೇಲೆ ಹೇರಬೇಡಿ. ದಿನದ ನಿಗದಿತ ಹೊತ್ತೊಂದನ್ನು ಬರವಣಿಗೆಗೆ ಕಟ್ಟಿಡಿ, ಅದನ್ನು ಮದುವೆ ಮುಂಜಿಗೂ ಬಿಟ್ಟುಕೊಡಬೇಡಿ. ಈ ಬಾಳುವೆಯನ್ನು ಅಳೆಯುವುದು ವರಮಾನದಿಂದ ಅಲ್ಲ, ಹತ್ತು ವರ್ಷ ಬಿಡದೆ ಬರೆದದ್ದರಿಂದ, ಒಂದರಿಂದ ಇನ್ನೊಂದು ಪುಸ್ತಕಕ್ಕೆ ಬೆಳೆದದ್ದರಿಂದ.

ಹಣ ಕಡಿಮೆ ಎಂದು ಹಕ್ಕನ್ನು ಬಿಟ್ಟುಕೊಡಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಕಾಲ, ಅದರ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಅದನ್ನು ಪ್ರಕಾಶಕರಿಗೆ ವಹಿಸಬೇಕಾದರೆ ಬರವಣಿಗೆಯಲ್ಲೇ ಆಗಬೇಕು. ಕರಾರಿನಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಕಾನೂನು ತಿಳಿಯುತ್ತದೆ. ಸ್ವಂತವಾಗಿ ಪ್ರಕಟಿಸುವವರಿಗೆ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ‘ದುಡ್ಡು ಕೊಡಿ, ಪುಸ್ತಕ ಮಾಡಿಕೊಡುತ್ತೇವೆ, ಪ್ರಶಸ್ತಿಯನ್ನೂ ಕೊಡಿಸುತ್ತೇವೆ’ ಎಂಬ ಕರೆ ಬಂದರೆ ಎಷ್ಟು ಪ್ರತಿ, ಎಲ್ಲಿ ಮಾರಾಟ, ಉಳಿದ ಪ್ರತಿ ಯಾರ ಬಳಿ ಎಂದು ಲಿಖಿತವಾಗಿ ಕೇಳಿ. ಅದಕ್ಕಿಂತ ನೇರವಾದ ಬಾಗಿಲುಗಳು ಇವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಛಂದ ಪುಸ್ತಕ ಪ್ರಕಾಶನ ಹೊಸ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ಪ್ರಕಟಿಸುತ್ತ ಬಂದಿದೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಗುರುತಿಸಿಕೊಂಡು ಮುಂದೆ ಬಂದವರ ಸಾಲು ದೊಡ್ಡದು. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ನಿಯಮಗಳನ್ನು ಓದಿಕೊಳ್ಳಿ. ಕಥೆ ತಿರುಗಿ ಬಂದರೆ ಕಥೆಯನ್ನು ತಿದ್ದಿ, ಊರನ್ನು ಬಯ್ಯಬೇಡಿ.

ಊರು ಬಿಡಬೇಕೆ ಎಂಬ ಪ್ರಶ್ನೆಗೆ ಎರಡು ಉತ್ತರ ಇತಿಹಾಸದಲ್ಲೇ ಇವೆ. ಮರಾಠಿಯ ದೊಡ್ಡ ಕಥೆಗಾರ ಜಿ.ಎ. ಕುಲಕರ್ಣಿಯವರು ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತ, ಪುಣೆ-ಮುಂಬಯಿಯ ಸಾಹಿತ್ಯ ಬಳಗಗಳಿಂದ ದೂರ ಉಳಿದೇ ಬರೆದರು. ಇದ್ದದ್ದು ಅಂಚೆಯ ಸಂಬಂಧ. ಕನ್ನಡದ ಊರಲ್ಲಿ ಕೂತು ಮರಾಠಿಯ ಎತ್ತರ ಮುಟ್ಟಲು ಆದೀತಾದರೆ ಮಹಾರಾಷ್ಟ್ರದ ಊರಲ್ಲಿ ಕೂತು ಕನ್ನಡದಲ್ಲಿ ಅದೇಕೆ ಆಗಬಾರದು? ಎರಡನೆಯದು ಹಲಸಂಗಿ. ವಿಜಯಪುರ ಜಿಲ್ಲೆಯ, ಸೊಲ್ಲಾಪುರಕ್ಕೆ ಹತ್ತಿರದ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಓದಿದರು, ಬರೆದರು, ಮನೆಮನೆಯ ಹೆಣ್ಣುಮಕ್ಕಳ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ಅವರು ತಂದ ‘ಗರತಿಯ ಹಾಡು’ ಕನ್ನಡದ ಜನಪದ ಸಾಹಿತ್ಯದ ಅಧ್ಯಯನಕ್ಕೇ ಬುನಾದಿಯಾಯಿತು. ಮಹಾನಗರವಿಲ್ಲ, ವಿಶ್ವವಿದ್ಯಾಲಯವಿಲ್ಲ, ಇದ್ದದ್ದು ಒಬ್ಬರ ಬರಹವನ್ನು ಇನ್ನೊಬ್ಬರು ಕೇಳುವ ಪ್ರೀತಿ ಮತ್ತು ತಪ್ಪನ್ನು ತಪ್ಪೆನ್ನುವ ಧೈರ್ಯ. ಮೊಬೈಲಿನಲ್ಲಿ ಕವಿತೆ ಹಾಕಿ ಸಿಗುವ ನೂರು ‘ಚೆಂದ ಅದ’ಗಳು ಈ ಕೆಲಸ ಮಾಡಲಾರವು. ಐದಾರು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೂತು ಓದಿದರೆ ಮೂರು ತಾಲೂಕಿಗೆ ಮೂರು ಹಲಸಂಗಿ ಆಗಬಲ್ಲವು. ಅದರಲ್ಲಿ ಹೆಣ್ಣುಮಕ್ಕಳಿಗೂ ಜಾಗ, ಅವರು ಬರಬಹುದಾದ ಹೊತ್ತು ನಿಗದಿಯಾಗಲಿ. ಇಲ್ಲದಿದ್ದರೆ ಇಲ್ಲಿನ ಕಥೆಯ ಅರ್ಧಪಾಲು ಹೊರಗೇ ಉಳಿಯುತ್ತದೆ.

ಇದೆಲ್ಲ ಬರಹಗಾರರ ಹೊಣೆ ಮಾತ್ರವಲ್ಲ. ಗಡಿನಾಡ ಕನ್ನಡಿಗರ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳು ಒಂದು ದಿನದ ಮೆರವಣಿಗೆ, ಭಾಷಣ, ಸನ್ಮಾನದಲ್ಲಿ ಮುಗಿಯುವುದು ನೋವಿನ ಸಂಗತಿ. 2010ರಲ್ಲಿ ಹುಟ್ಟಿದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಸಾಹಿತ್ಯ ಪರಿಷತ್ತಿನ ಗಡಿನಾಡ ಘಟಕ, ಹತ್ತಿರದ ಮಠಗಳು ಮನಸ್ಸು ಮಾಡಿದರೆ ಉಮರಗಾದಲ್ಲಿ ಒಂದು ಕನ್ನಡ ಪುಸ್ತಕದ ಮಳಿಗೆ, ಉದಗೀರದಲ್ಲಿ ವರ್ಷಕ್ಕೊಂದು ಅನುವಾದ ಶಿಬಿರ, ನಿಲಂಗಾದಲ್ಲಿ ದೊಡ್ಡವರಿಗೆ ಕನ್ನಡ ಲಿಪಿಯ ರಾತ್ರಿ ಸಾಲಿ ನಡೆಸುವುದು ದೊಡ್ಡ ಖರ್ಚಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅಂಥ ಅಡ್ಡಿ ಈಗ ಯಾರಿಗೂ ಇಲ್ಲ. ಹಿರಿಯ ಲೇಖಕರಾದ ನಮಗೂ ಪಾಲಿದೆ: ಮುನ್ನುಡಿಯಲ್ಲಿ ಹೊಗಳುವ ಬದಲು ಹಸ್ತಪ್ರತಿಯನ್ನು ಪುಟಪುಟ ಓದಿ, ಸಡಿಲವಾದ ವಾಕ್ಯದ ಕೆಳಗೆ ಗೆರೆ ಎಳೆದು ಕೊಡಬೇಕು.

ಎಳೆಯರೇ, ನಿಮ್ಮಿಂದ ನಾನು ಕೇಳುವುದು ಈ ವರ್ಷವೇ ತೊಡಗಬಹುದಾದ ಒಂದು ಕೆಲಸ. ರಜಾಕಾರರ ಕಾಲ ಕಂಡವರಿಗೆ ಈಗ ಎಂಬತ್ತು ದಾಟಿದೆ. ಭೂಕಂಪದ ರಾತ್ರಿ ಮಕ್ಕಳನ್ನು ಹೊರಗೆಳೆದ ಅವ್ವಂದಿರಲ್ಲಿ ಎಷ್ಟೋ ಜನರಿಗೆ ಅರವತ್ತು ದಾಟಿದೆ. ಅವರಲ್ಲಿ ಒಬ್ಬರನ್ನು ಕೂರಿಸಿಕೊಂಡು, ಅವರ ಮಾತನ್ನು ಮೊಬೈಲಿನಲ್ಲಿ ತುಂಬಿಕೊಂಡು, ಅವರದೇ ಕನ್ನಡದಲ್ಲಿ ಹತ್ತು ಪುಟ ಬರೆಯಿರಿ. ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಬರೆಯಿರಿ. ಎರಡನ್ನೂ ನಿಮ್ಮ ಬಳಗದ ಮುಂದೆ ಓದಿ, ತಿದ್ದಿ, ಒಂದನ್ನು ಕಲಬುರಗಿ-ಬೆಂಗಳೂರಿನ ಕನ್ನಡ ಪತ್ರಿಕೆಗೆ, ಇನ್ನೊಂದನ್ನು ಮರಾಠಿಯ ದಿವಾಳಿ ಅಂಕಕ್ಕೆ ಕಳಿಸಿ. ಲಿಪಿ, ಆಡುಮಾತು, ಅನುವಾದ, ವಸ್ತು, ಓದುಗರು ಎಂದು ಇಲ್ಲಿ ಚರ್ಚಿಸಿದ ಐದೂ ಆ ಹತ್ತು ಪುಟದಲ್ಲಿ ನಿಮ್ಮ ಕೈಗೆ ಹತ್ತುತ್ತವೆ. ಮೊದಲ ಸಲ ಪ್ರಕಟವಾಗದೆ ಇರಬಹುದು, ಎರಡನೆಯ ಸಲವೂ ಆಗದೆ ಇರಬಹುದು. ಆದರೆ ಎರಡು ಭಾಷೆಗಳಲ್ಲಿ ಆ ಹತ್ತು ಪುಟವನ್ನು ನಿಜವಾಗಿ ಬರೆದು ಮುಗಿಸಿದವರು, ಲೇಖಕರಾಗಲು ಆದೀತೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.